ಗೋಡೆ ಪಾಳಿಯನ್ನು ನಿಲ್ಲಿಸಿದವನು ನಾನು

ಓದುಗರೇ, ಮುಚ್ಚಿದ ಕೋಣೆಯೊಂದರ ನಡುವೆ ನಿಮ್ಮನ್ನು ನಿಲ್ಲಿಸಿ, “ನೋಡಿ, ಸದ್ದು ಎಷ್ಟು ಇಳಿದಿದೆ” ಎಂದು ಯಾರಾದರೂ ತೋರಿಸಿದರೆ, ಚಪ್ಪಾಳೆ ತಟ್ಟುವ ಮೊದಲು ಆ ಕೋಣೆಯ ಮೂಲೆಯಲ್ಲಿ ನಿಂತವರ ಮುಖವನ್ನು ಒಮ್ಮೆಯಾದರೂ ನೋಡುತ್ತೀರಾ?

ನಾನು ನೋಡಿದ್ದೆ. ನೋಡಿಯೂ ಸುಮ್ಮನಿದ್ದೆ — ಇಲ್ಲ, ಸುಮ್ಮನಿದ್ದೆ ಎಂಬುದೂ ನಿಜವಲ್ಲ. ಸುಮ್ಮನಿದ್ದರೆ ಅಪರಾಧ ಇಷ್ಟು ದೊಡ್ಡದಾಗುತ್ತಿರಲಿಲ್ಲ. ನಾನು ಮಾತಾಡಿದೆ. ಏಳು ವರ್ಷಗಳ ಹಿಂದೆ, ಶಿಡ್ಲಘಟ್ಟದ ಒಂದು ರೇಷ್ಮೆ ಹುರಿ ಶೆಡ್ಡಿನಲ್ಲಿ, ಹತ್ತಾರು ಜನ ಸೇರಿದ್ದ ಸಭೆಯಲ್ಲಿ, ಮುನಿವೆಂಕಟಮ್ಮ ಎಂಬ ಕೆಲಸಗಾರ್ತಿಯ ಕಿವಿ ಮೊದಲಿನಿಂದಲೂ ಮಂದ ಎಂದು ಹೇಳಿದೆ. ಅದು ಸುಳ್ಳು. ಹೇಳುವ ಗಳಿಗೆಯಲ್ಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಆ ಶೆಡ್ಡಿನಲ್ಲಿದ್ದ ಎಲ್ಲ ಕಿವಿಗಳಿಗಿಂತ ಚುರುಕಾದ ಕಿವಿ ಅದಾಗಿತ್ತು — ಅದೂ ನನಗೆ ಗೊತ್ತಿತ್ತು.

ಈಗ ಆ ಕಿವಿಗೆ ಕೇಳಿಸುವುದಿಲ್ಲ.

ನಾನು ಚಿಂತಾಮಣಿಯವನು. ಅಲ್ಲಿಯೇ ಒಂದು ಖಾಸಗಿ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಚಿಕ್ಕಬಳ್ಳಾಪುರದಲ್ಲಿ ಪದವಿ ಓದುವಾಗ ಮೂರು ವರ್ಷವೂ ಚರ್ಚಾಸ್ಪರ್ಧೆಯ ಪರ್ಯಾಯ ಫಲಕವನ್ನು ನಮ್ಮ ಕಾಲೇಜಿಗೆ ತಂದುಕೊಟ್ಟವನು. ಇದನ್ನು ಹೆಮ್ಮೆಗೆ ಬರೆಯುತ್ತಿಲ್ಲ. ನಾನು ಬಳಸಿದ ಆಯುಧ ಯಾವುದೆಂದು ನಿಮಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಅಲ್ಲಿ ನಾವು ಒಂದು ಉಪಾಯ ಕಲಿತಿದ್ದೆವು: ಎದುರಾಳಿಯ ಮಾತು ಸರಿಯಾಗಿದ್ದು, ಅದಕ್ಕೆ ಉತ್ತರವಿಲ್ಲದಿದ್ದಾಗ, ಮಾತನ್ನು ಮುಟ್ಟಬಾರದು. ಆಡಿದವರ ಮೇಲೆ ಸಭೆಗೆ ಒಂದು ಸಣ್ಣ ಸಂಶಯ ಹುಟ್ಟಿಸಬೇಕು. ಜೊತೆಗೆ ಸ್ವಲ್ಪ ನಗು ಹುಟ್ಟಿಸಿದರೆ ಇನ್ನೂ ಒಳ್ಳೆಯದು. ನಕ್ಕ ಸಭೆ ಮತ್ತೆ ಪ್ರಶ್ನೆ ಕೇಳುವುದಿಲ್ಲ.

ಸದ್ದಿನ ವಿಷಯ ನನ್ನ ತಲೆಗೆ ಹತ್ತಿದ್ದು ಪೋಷಕರ ಸಭೆಯೊಂದರಲ್ಲಿ. ಶಿಡ್ಲಘಟ್ಟದ ಕಡೆಯಿಂದ ಬಂದಿದ್ದ ತಾಯಂದಿರು ಎದುರಿಗೇ ಕುಳಿತಿದ್ದರೂ ಕಿರುಚಿ ಮಾತಾಡುತ್ತಿದ್ದರು. ಮೇಜಿನ ಆಚೆ ಅವರ ಮಕ್ಕಳು ನಾಚಿಕೆಯಿಂದ ತಲೆ ತಗ್ಗಿಸಿದ್ದರು. “ಮೆಲ್ಲಗೆ ಮಾತಾಡಮ್ಮ, ಕಾಲೇಜು ಇದು” ಎಂದು ಒಬ್ಬ ಹುಡುಗಿ ತಾಯಿಯ ಕೈ ಹಿಂಡಿದಳು. “ಮೆಲ್ಲಗೇ ಮಾತಾಡ್ತಿದ್ದೀನಲ್ಲೇ!” ಎಂದು ತಾಯಿ ಕೂಗಿದಳು. ಆ ಹೆಂಗಸರೆಲ್ಲ ಹುರಿ ಶೆಡ್ಡುಗಳಲ್ಲಿ ದುಡಿಯುವವರು. ಸಣ್ಣ ರೇಷ್ಮೆ ಎಳೆಗಳನ್ನು ಜೋಡಿಸಿ ಹುರಿಗೊಳಿಸುವ ಆ ಯಂತ್ರಗಳಲ್ಲಿ ನೂರಾರು ಕದಿರುಗಳು ಒಟ್ಟಿಗೆ ತಿರುಗುತ್ತವೆ. ತಗಡಿನ ಸೂರು, ಮುಚ್ಚಿದ ಕಿಟಕಿ — ಗಾಳಿ ಆಡಿದರೆ ಎಳೆ ಹಾರುತ್ತದೆಂದು ಕಿಟಕಿ ತೆರೆಯುವುದಿಲ್ಲ. ಒಳಗೆ ದಿನಕ್ಕೆ ಎಂಟು ಗಂಟೆ. ಮಕ್ಕಳು ತಮ್ಮ ತಾಯಂದಿರ ದನಿಗೆ ನಾಚುವಂತಾಗಬಾರದು — ಇದೇ ನನ್ನ ಮೊದಲ ಆಸೆ. ಅದು ಒಳ್ಳೆಯ ಆಸೆಯೇ ಆಗಿತ್ತು. ಒಳ್ಳೆಯ ಆಸೆಯಿಂದ ಹೊರಟವನು ತನ್ನನ್ನು ತಾನು ತಪಾಸಣೆ ಮಾಡಿಕೊಳ್ಳುವುದು ಕಡಿಮೆ. ನನಗೆ ಆದದ್ದು ಅದೇ.

ನನ್ನ ಗೆಳೆಯ ಸಾದಿಕ್ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಮುರುಗಮಲ್ಲದ ರಸ್ತೆಯಲ್ಲಿ ಧ್ವನಿವರ್ಧಕಗಳ ಅಂಗಡಿ ಇಟ್ಟುಕೊಂಡವನು. ಸದ್ದಿನಿಂದಲೇ ಸದ್ದನ್ನು ಇಳಿಸುವ ವಿದ್ಯೆಯ ಬಗ್ಗೆ ಇಬ್ಬರೂ ತಿಂಗಳುಗಟ್ಟಲೆ ಓದಿದೆವು. ತತ್ತ್ವ ಸರಳವಾದದ್ದು. ಸದ್ದೆಂದರೆ ಗಾಳಿಯ ಉಬ್ಬುತಗ್ಗು. ಒಂದು ಮೈಕು ಯಂತ್ರದ ಸದ್ದನ್ನು ಹಿಡಿಯುತ್ತದೆ. ಒಂದು ಪುಟ್ಟ ಗಣಕ ಅದನ್ನು ತಿರುವುಮುರುವು ಮಾಡುತ್ತದೆ. ಉಬ್ಬಿದ್ದಲ್ಲಿ ತಗ್ಗು, ತಗ್ಗಿದ್ದಲ್ಲಿ ಉಬ್ಬು ಬರುವಂತೆ ಸ್ಪೀಕರು ಅದನ್ನು ಮತ್ತೆ ಹೊರಡಿಸುತ್ತದೆ. ಎರಡೂ ಎದುರಾದಲ್ಲಿ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ತರಗತಿಯಲ್ಲಿ ಇದನ್ನು ಹೇಳುವಾಗ ನನಗೆ ರೋಮಾಂಚನವಾಗುತ್ತಿತ್ತು — ಬೈಗುಳಕ್ಕೆ ಬೈಗುಳವೇ ಔಷಧಿಯಾದಂತೆ.

ಆದರೆ ಸಾದಿಕ್ ಮೊದಲ ದಿನವೇ ಹೇಳಿದ್ದ: “ಕಿವಿಗೆ ಹಾಕ್ಕೊಳೋ ಹೆಡ್‌ಫೋನಲ್ಲಿ ಇದು ಸಲೀಸು ಕಣೋ. ಕಿವಿ ಒಂದೇ ಜಾಗದಲ್ಲಿರುತ್ತೆ. ಶೆಡ್ಡು ಅಂದ್ರೆ ಗೋಡೆಗಳೂ ಸುಮ್ನಿರಲ್ಲ, ಅವೂ ತಿರುಗಿ ಮಾತಾಡ್ತವೆ. ಮೈಕಿನ ಹತ್ರ ಇಳಿಯುತ್ತೆ, ಬೇರೆಲ್ಲೋ ಏರುತ್ತೆ. ಇನ್ನೊಂದು — ಮೋಟಾರಿನ ಗುಂಯ್ ಅನ್ನೋ ಸದ್ದು ಬೇಕಾದ್ರೆ ಇಳಿಸ್ತೀನಿ. ಕದಿರಿನ ಕೀರಲು ಸದ್ದು ನನ್ನ ಕೈಲಾಗಲ್ಲ.”

ಇಷ್ಟನ್ನೂ ಕೇಳಿಸಿಕೊಂಡೆ. ಇಷ್ಟನ್ನೂ ಅರ್ಥ ಮಾಡಿಕೊಂಡೆ. ಭೌತಶಾಸ್ತ್ರದ ಮೇಷ್ಟ್ರಿಗೆ ಅರ್ಥವಾಗಲಿಲ್ಲ ಎಂದು ಹೇಳುವ ಹಕ್ಕೂ ನನಗಿಲ್ಲ.

ಶೆಡ್ಡಿನ ಯಜಮಾನರಾದ ಆಂಜಿನಪ್ಪನವರು ಉದಾರಿಗಳು. “ಮಾಡಿ ಸಾರ್, ನಮ್ಮ ಹೆಂಗಸ್ರಿಗೆ ಒಳ್ಳೇದಾದ್ರೆ ನನ್ನ ಶೆಡ್ಡೇ ಮೊದ್ಲಾಗ್ಲಿ” ಎಂದರು. ನಾವು ಹೋದ ಮೊದಲ ಮಧ್ಯಾಹ್ನ ಹೆಂಗಸರು ಊಟ ಮುಗಿಸಿ ಬಾಗಿಲಲ್ಲಿ ಕುಳಿತಿದ್ದರು. ಅವರ ನಡುವೆ ಐವತ್ತು ದಾಟಿದ, ಸಣಕಲು ಮೈಯ ಮುನಿವೆಂಕಟಮ್ಮ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಒಳಗೆ ಯಂತ್ರಗಳು ಓಡುತ್ತಲೇ ಇದ್ದವು. ಮಾತಿನ ನಡುವೆ ಆಕೆ ಥಟ್ಟನೆ ಕೈ ಎತ್ತಿ ನಿಲ್ಲಿಸಿದರು.

“ಏ ಭಾಗ್ಯಾ, ಮೂರನೇ ಮಿಷನ್ನಿನ ಕೊನೇಲಿ ಒಂದು ಕದಿರು ಒಣಗೈತೆ ನೋಡೇ. ಎಣ್ಣೆ ಬಿಟ್ಟು ಬಾ.”

ಭಾಗ್ಯ ಆಕೆಯ ಸೊಸೆ, ಅದೇ ಶೆಡ್ಡಿನ ಕೆಲಸಗಾರ್ತಿ. “ನಿಂಗೇನು ಕಿವಿಯಾ ಅತ್ತೆ, ಇಲ್ಲಾ ಪೊಲೀಸ್ ನಾಯಿ ಮೂಗಾ?” ಎಂದು ಗೊಣಗುತ್ತ ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ. ಮೂರನೇ ಯಂತ್ರದ ಕೊನೆಯಲ್ಲಿ ಒಂದು ಕದಿರು ನಿಜವಾಗಿಯೂ ಬಿಸಿಯಾಗಿ ತಡವರಿಸುತ್ತಿತ್ತು. ನೂರಾರು ಕದಿರುಗಳ ಕಿರುಚಾಟದಲ್ಲಿ, ಬಾಗಿಲಾಚೆಯಿಂದ, ಒಂದು ಕದಿರಿನ ಬಾಯಾರಿಕೆ ಆಕೆಗೆ ಕೇಳಿಸಿತ್ತು. ಹೊರಗೆ ಬಂದು ನಾನು ಬೆರಗಾಗಿ ನಿಂತಾಗ ಆಕೆ ನಕ್ಕರು: “ಅದ್ರಲ್ಲೇನೈತಪ್ಪಾ? ಮನೇಲಿ ನಾಲ್ಕು ಮಕ್ಕಳಿದ್ರೆ ಯಾವ್ದು ಅಳ್ತೈತೆ ಅಂತ ತಾಯಿಗೆ ತೆಲೀದಾ?” ತೆಲುಗು ಮನೆಮಾತಿನವರು, ಕನ್ನಡದ ನಡುವೆ ಅದು ತಾನಾಗಿ ಇಣುಕುತ್ತಿತ್ತು.

ಆಕೆಯ ಕಿವಿಯ ಬಗ್ಗೆ ನನಗಿದ್ದ ಮೊದಲ ಸಾಕ್ಷ್ಯ ಇದು. ನೆನಪಿಡಿ.

ಊಟದ ನಂತರ ಅವರೆಲ್ಲ ಒಳಗೆ ಹೋಗುವಾಗ ನಾನು ಇನ್ನೊಂದನ್ನು ಗಮನಿಸಿದೆ. ಕೇಳಿದಾಗ ತಿಳಿಯಿತು: ಬೆಳಗ್ಗೆ ಹಿಂಗೋಡೆಯ ಬಳಿ ಇದ್ದವರು ಈಗ ಬಾಗಿಲ ಬಳಿಗೆ ಬಂದರು. ಬಾಗಿಲ ಬಳಿಯವರು ಗೋಡೆಗೆ ಹೋದರು. ಮೋಟಾರುಗಳಿದ್ದದ್ದು ಗೋಡೆಯ ಕಡೆ. ಸದ್ದು ಹೆಚ್ಚು ಅಲ್ಲಿ. ಯಾರೂ ದಿನವಿಡೀ ಅಲ್ಲಿ ನಿಲ್ಲಬಾರದೆಂದು ಹೆಂಗಸರು ತಾವೇ ಮಾಡಿಕೊಂಡ ಏರ್ಪಾಡು ಅದು. ‘ಗೋಡೆ ಪಾಳಿ’ ಎಂದು ಕರೆಯುತ್ತಿದ್ದರು. ಯಾವ ಯಜಮಾನರೂ ಹೇಳಿಕೊಟ್ಟದ್ದಲ್ಲ, ಯಾವ ಕಾಗದದಲ್ಲೂ ಇರಲಿಲ್ಲ. ಗೋಡೆಗೆ ಹೋಗುವವರು ರೇಷ್ಮೆ ತ್ಯಾಜ್ಯದ ಉಂಡೆಯನ್ನು ಕಿವಿಗೆ ಒತ್ತಿಕೊಂಡು ಹೋಗುತ್ತಿದ್ದರು.

ನಾನು ಮಾಡಿದ ಮೊದಲ ಕೆಲಸವೆಂದರೆ ಈ ಎರಡನ್ನೂ ನಿಲ್ಲಿಸಿದ್ದು.

ಕಾರಣ ನನಗೆ ಬಹಳ ಶುದ್ಧವಾಗಿ ಕಂಡಿತ್ತು. ಉಪಕರಣ ಹಾಕುವ ಮೊದಲು ಹೇಗಿತ್ತು, ಹಾಕಿದ ಮೇಲೆ ಹೇಗಾಯಿತು ಎಂದು ಪ್ರತಿಯೊಬ್ಬರೂ ಹೇಳಬೇಕಾದರೆ ಅವರು ಒಂದೇ ಜಾಗದಲ್ಲಿರಬೇಕು; ಕಿವಿಗೆ ಏನನ್ನೂ ತುರುಕಿಕೊಂಡಿರಬಾರದು. ಪ್ರಯೋಗದ ಶಿಸ್ತು ಎಂದೆ. ಹಿಂಗೋಡೆಯ ಮೂಲೆಯಲ್ಲಿದ್ದ ಹಳೆಯ ಯಂತ್ರವನ್ನು ಯಾರು ನೋಡಿಕೊಳ್ಳುವುದೆಂಬ ಪ್ರಶ್ನೆ ಬಂತು. ಅದು ಆಗಾಗ ಕೆಡುತ್ತಿತ್ತು. ಅದರ ಕದಿರು ಕೆಟ್ಟದ್ದು ತಕ್ಷಣ ತಿಳಿಯುವವರು ಬೇಕಿತ್ತು. ಎಲ್ಲರೂ ಮುನಿವೆಂಕಟಮ್ಮನ ಕಡೆ ನೋಡಿದರು.

“ಆಗ್ಲಿ ಬಿಡಪ್ಪಾ, ನಾಲ್ಕು ದಿನ ತಾನೆ?” ಎಂದರು ಆಕೆ. ಕಿವಿಯಿಂದ ಉಂಡೆ ತೆಗೆದು ಸೆರಗಿಗೆ ಗಂಟು ಹಾಕಿಕೊಂಡರು. “ಆಮೇಲೆ ಬೇಕಾಗ್ತೈತೆ” ಎಂದು ನಕ್ಕರು. ಕಿವಿ ಚುರುಕಾಗಿದ್ದ ಕಾರಣಕ್ಕೇ ಆಕೆಯನ್ನು ಆ ಮೂಲೆಗೆ ಹಾಕಿದೆವು.

ಸಾದಿಕ್ ನಡುಸಾಲಿನ ಮೇಲೆ ಮೈಕುಗಳನ್ನು ಇಳಿಬಿಟ್ಟ. ನಾಲ್ಕು ಮರದ ಪೆಟ್ಟಿಗೆಗಳಲ್ಲಿ ಸ್ಪೀಕರುಗಳನ್ನು ಕೂರಿಸಿದ. ಗುಂಡಿ ಒತ್ತಿದಾಗ ನಡುಸಾಲಿನವರ ಮುಖಗಳು ಒಮ್ಮೆಲೇ ಸಡಿಲಗೊಂಡವು. ಎದೆಗೆ ಒತ್ತುತ್ತಿದ್ದ ಆ ಗುಂಯ್‌ಗುಡುವಿಕೆ ಯಾರೋ ಕಂಬಳಿ ಹೊದಿಸಿದಂತೆ ಅಡಗಿತು. ಒಬ್ಬಾಕೆ ಬಾಯಿಗೆ ಕೈ ಇಟ್ಟುಕೊಂಡಳು. ಭಾಗ್ಯ ಪಕ್ಕದವಳಿಗೆ ಏನೋ ಹೇಳಿ, ಅವಳು ಅದನ್ನು ಕೇಳಿಸಿಕೊಂಡಳೆಂದು ತಿಳಿದು ತಾನೇ ಬೆಚ್ಚಿದಳು. ನನ್ನ ಕಣ್ಣಲ್ಲಿ ನೀರು ಬಂತು. ಆ ನೀರು ಕಪಟವಾಗಿರಲಿಲ್ಲ — ಇದೇ ನನ್ನನ್ನು ಇಂದಿಗೂ ಹೆದರಿಸುವ ಸಂಗತಿ.

ಎರಡನೇ ದಿನ ನಾನು ಶಬ್ದಮಾಪಕ ಹಿಡಿದು ಶೆಡ್ಡಿನ ಉದ್ದಗಲ ನಡೆದೆ. ನಡುಸಾಲಿನಲ್ಲಿ ಮುಳ್ಳು ಇಳಿದಿತ್ತು. ಬಾಗಿಲಲ್ಲಿ ವ್ಯತ್ಯಾಸವಿರಲಿಲ್ಲ. ಹಿಂಗೋಡೆಯ ಮೂಲೆಯಲ್ಲಿ ಮುಳ್ಳು ಏರಿತ್ತು. ಉಪಕರಣ ಆರಿಸಿದೆ — ಇಳಿಯಿತು. ಹಾಕಿದೆ — ಏರಿತು. ಮೂರು ಬಾರಿ ನೋಡಿದೆ. ಮೂರನ್ನೂ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದೆ. ಆ ಪುಸ್ತಕ ಇಂದಿಗೂ ನನ್ನ ಬಳಿ ಇದೆ; ಆ ಪುಟದ ಕೊನೆಯಲ್ಲಿ ‘ಮು.ವೆಂ.’ ಎಂದು ಬರೆದು ಅಡಿಗೆರೆ ಎಳೆದಿದ್ದೇನೆ. ಅಂದರೆ ಅಲ್ಲಿ ನಿಂತವರು ಯಾರೆಂಬುದು ನನ್ನ ಕಣ್ಣಿಂದ ತಪ್ಪಿರಲಿಲ್ಲ.

ಆಕೆಯೇ ಬಂದು ಹೇಳಿದರು ಕೂಡ. “ಸಾರು, ಆ ಪೆಟ್ಟಿಗೆ ಹಾಕಿದಾಗ್ಲಿಂದ ನನ್ನ ಕಡೆ ಸದ್ದು ತುಂಬ್ಕೊಂಡಂಗೈತೆ. ಎದೆ ಗುದ್ತೈತೆ. ಕದಿರು ಮಾತಾಡಿದ್ದು ಸರಿಯಾಗಿ ಕೇಳ್ತಿಲ್ಲ.”

“ನೋಡ್ತೀನಮ್ಮ” ಎಂದೆ.

ಆಕೆ ಮೂಲೆಗೆ ಮರಳಿದ ಮೇಲೆ ಸಾದಿಕ್ ರೇಗಿದ. “ಏನು ನೋಡ್ತೀಯ? ನೋಡಿದ್ದಾಯ್ತಲ್ಲ! ಇನ್ನಷ್ಟು ಮೈಕು, ಸ್ಪೀಕರು ಹಾಕ್ಬೇಕು. ಇಲ್ಲ ಆ ಮೂಲೇಲಿ ಯಾರೂ ನಿಲ್ಬಾರ್ದು. ಆಗದಿದ್ರೆ ಮೊದ್ಲಿನ ಹಂಗೆ ಜಾಗ ಬದಲಾಯಿಸ್ಕೊಳ್ಳಲಿ, ಕಿವಿಗೆ ತುರುಕ್ಕೊಳ್ಲಿ. ಕದಿರಿನ ಸದ್ದು ಒಂದು ಕೂದಲೆಳೆಯಷ್ಟೂ ಇಳಿದಿಲ್ಲ, ಅದು ನಿಂಗೂ ಗೊತ್ತು.”

“ಮುಂದಿನ ವಾರ ಸಭೆ ಇದೆ ಕಣೋ” ಎಂದೆ. “ಬೇರೆ ಶೆಡ್ಡಿನ ಯಜಮಾನರು, ಅಧಿಕಾರಿಗಳು ಬರ್ತಾರೆ. ಈಗಲೇ ‘ಒಂದು ಮೂಲೆಯಲ್ಲಿ ಏರುತ್ತೆ’ ಅಂದ್ರೆ ಅದನ್ನೇ ಹಿಡ್ಕೊಂಡು ಎಲ್ಲರೂ ಎದ್ದು ಹೋಗ್ತಾರೆ. ಮೊದಲು ಒಪ್ಪಿಸೋಣ. ಸರಿಪಡಿಸೋದು ಆಮೇಲೆ.”

ನೂರು ಶೆಡ್ಡುಗಳ ಸಾವಿರ ಹೆಂಗಸರು ಒಂದು ತಕ್ಕಡಿಯಲ್ಲಿ. ಒಂದು ಮೂಲೆಯ ಒಬ್ಬ ಹೆಂಗಸು ಇನ್ನೊಂದರಲ್ಲಿ. ಹೀಗೆ ತೂಗಿದೆ. ತೂಗುವವನು ನಾನೇ ಆಗಿದ್ದೆ ಎಂಬುದನ್ನು ಮರೆತೆ. ಆ ಸಾವಿರ ಹೆಂಗಸರು ಇನ್ನೂ ನನ್ನ ಕಲ್ಪನೆಯಲ್ಲಿದ್ದರು; ಈ ಒಬ್ಬರು ಕಣ್ಣೆದುರಿನ ಮೂಲೆಯಲ್ಲಿ, ಸೆರಗಿನ ಗಂಟನ್ನು ಬೆರಳಲ್ಲಿ ಹಿಸುಕುತ್ತ ನಿಂತಿದ್ದರು.

ಸಭೆಯ ದಿನ ಶೆಡ್ಡಿನ ನಡುಸಾಲಿನಲ್ಲೇ ಕುರ್ಚಿಗಳನ್ನು ಹಾಕಿಸಿದೆ. ಬೇಕೆಂದೇ ಅಲ್ಲಿ ಹಾಕಿಸಿದೆ. ಗೌರಿಬಿದನೂರು, ಚಿಂತಾಮಣಿ ಕಡೆಗಳಿಂದಲೂ ಜನ ಬಂದಿದ್ದರು. ಯಂತ್ರಗಳು ಓಡುತ್ತಿದ್ದಂತೆಯೇ ಉಪಕರಣವನ್ನು ಆರಿಸಿ, ಹಾಕಿ, ಆರಿಸಿ ತೋರಿಸಿದೆ. ತಲೆಗಳು ಒಪ್ಪಿಗೆಯಿಂದ ಆಡಿದವು. ನಂತರ ಯಂತ್ರಗಳನ್ನು ನಿಲ್ಲಿಸಿ ಮಾತಿಗೆ ನಿಂತೆ. ಅರ್ಧ ಗಂಟೆ ಮಾತಾಡಿದೆ. ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಮತ್ತೆಂದೂ ಮಾತಾಡಿಲ್ಲ. ಕೊನೆಯಲ್ಲಿ, “ಕೆಲಸಗಾರರಲ್ಲಿ ಯಾರಾದರೂ ಹೇಳುವುದಿದ್ದರೆ ಹೇಳಬಹುದು” ಎಂದೆ. ಅದು ಕೇಳುವ ರೂಢಿಗೆ ಕೇಳಿದ್ದು.

ಹಿಂದಿನಿಂದ ಮುನಿವೆಂಕಟಮ್ಮ ಎದ್ದರು. ಸೆರಗು ಸರಿಮಾಡಿಕೊಂಡರು.

“ಎಲ್ರಿಗೂ ಚೆನ್ನಾಗಾಗೈತೆ ಸಾಮಿ, ಇಲ್ಲ ಅನ್ನಲ್ಲ. ಆದ್ರೆ ಗೋಡೆ ಮೂಲೇಲಿ ಸದ್ದು ಜಾಸ್ತಿ ಆಗೈತೆ. ಸಾರಿಗೂ ಹೇಳಿದೀನಿ. ಮೊದ್ಲಿನಂಗೆ ಗೋಡೆ ಪಾಳಿ ಮಾಡ್ಕೊಂತೀವಿ ಅಂತ...”

ಒಬ್ಬ ಅಧಿಕಾರಿ ನನ್ನತ್ತ ನೋಡಿದರು. ಒಂದು ಕ್ಷಣ. ಆ ಒಂದು ಕ್ಷಣದಲ್ಲಿ ಟಿಪ್ಪಣಿ ಪುಸ್ತಕ ನನ್ನ ಮೇಜಿನ ಮೇಲೇ ಇತ್ತು, ತೆರೆದು ತೋರಿಸಬಹುದಿತ್ತು. “ಹೌದು, ಆಕೆ ಹೇಳುವುದು ಸರಿ” — ನಾಲ್ಕೇ ಮಾತು. ಬದಲಿಗೆ ನಾನು ನಕ್ಕೆ. ತುಂಬ ಪ್ರೀತಿಯ ದನಿಯಲ್ಲಿ ಹೇಳಿದೆ:

“ಅಮ್ಮ, ನಿಮ್ಮ ಕಿವಿ ಮೊದಲಿಂದಲೂ ಸ್ವಲ್ಪ ಮಂದ ಅಲ್ವಾ? ಮಂದ ಕಿವಿಗೆ ಹೆಚ್ಚು ಕಮ್ಮಿ ಹೇಗಮ್ಮ ಗೊತ್ತಾಗುತ್ತೆ?”

ಸಭೆ ನಕ್ಕಿತು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಮಧ್ಯಾಹ್ನದ ಸೆಕೆಯಲ್ಲಿ ನಗಲು ಒಂದು ನೆಪ ಸಿಕ್ಕಿತ್ತು, ಅಷ್ಟೆ. ಭಾಗ್ಯ ನಗಲಿಲ್ಲ. ಸಾದಿಕ್ ತಲೆ ಬಗ್ಗಿಸಿ ತಂತಿ ಸುತ್ತತೊಡಗಿದ. ಮುನಿವೆಂಕಟಮ್ಮ ನನ್ನ ಮುಖವನ್ನು ನೋಡಿದರು — ಕೋಪದಿಂದಲ್ಲ. ತನಗೇ ತಿಳಿಯದ ತನ್ನ ಯಾವುದೋ ರೋಗವನ್ನು ವೈದ್ಯ ಹೇಳಿದಾಗ ನೋಡುವ ಹಾಗೆ.

“ಇರ್ಬೋದಪ್ಪಾ” ಎಂದರು. “ಓದಿದೋರು ನೀವು.” ಕುಳಿತರು.

ನಾನು ಗೆದ್ದೆ.

ಗೆದ್ದು ಏನಾಯಿತು? ಬೇರೆ ಶೆಡ್ಡುಗಳವರು ‘ನೋಡೋಣ’ ಎಂದು ಹೋದವರು ಮತ್ತೆ ಬರಲಿಲ್ಲ. ಸರಿಪಡಿಸುವುದು ಆಮೇಲೆ ಎಂದಿದ್ದೆನಲ್ಲ — ಆ ಆಮೇಲೆ ಬರಲೇ ಇಲ್ಲ. ಪರೀಕ್ಷೆಗಳು ಬಂದವು, ನನ್ನ ಮದುವೆ ಬಂತು, ಸಾದಿಕ್ ನನ್ನೊಡನೆ ಮಾತು ಕಡಿಮೆ ಮಾಡಿದ. ಉಪಕರಣ ವರ್ಷದ ಮೇಲೆ ಓಡಿತು. ಒಂದು ಮಳೆಗಾಲದಲ್ಲಿ ತೇವ ಹಿಡಿದು ನಿಂತಿತು. ಅವನೇ ಹೋಗಿ ಬಿಚ್ಚಿಕೊಂಡು ಬಂದ. ನಾನು ಹೋಗಲಿಲ್ಲ. ಆದರೆ ಬಿಚ್ಚಲಾಗದ ಒಂದನ್ನು ನಾನು ಅಲ್ಲಿ ಬಿಟ್ಟು ಬಂದಿದ್ದೆ. ಜಾಗ ಬದಲಾಯಿಸಬಾರದೆಂಬ ನನ್ನ ಮಾತು ಆಂಜಿನಪ್ಪನವರಿಗೆ ಅನುಕೂಲವಾಗಿ ಕಂಡಿತ್ತು: ಯಾವ ಯಂತ್ರಕ್ಕೆ ಯಾರು ಹೊಣೆ ಎಂಬುದು ಸುಲಭವಾಗಿ ತಿಳಿಯುತ್ತಿತ್ತು. “ಮೇಷ್ಟ್ರೇ ಹೇಳವ್ರೆ” ಎಂದು ಅದನ್ನೇ ಕಟ್ಟುಪಾಡು ಮಾಡಿದರು. ನಾಲ್ಕು ದಿನವೆಂದು ಗೋಡೆಗೆ ಹೋದ ಮುನಿವೆಂಕಟಮ್ಮ ಮೂರು ವರ್ಷ ಅಲ್ಲಿಯೇ ನಿಂತರು. ಕಿವಿಗೆ ಉಂಡೆ ಇಟ್ಟುಕೊಳ್ಳಲಿಲ್ಲವೇ? ಇಲ್ಲ. ಮಂದ ಕಿವಿಗೆ ಅದೇಕೆ ಎಂದು ಬಿಟ್ಟರಂತೆ.

ಇದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಅಕಸ್ಮಾತ್ತಾಗಿ. ಕಳೆದ ವರ್ಷ ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ ಭಾಗ್ಯ ಸಿಕ್ಕಳು. ಗುರುತು ಹಿಡಿದು ನಿಂತಳು, ನನ್ನ ಹೆಂಡತಿ, ಮಗುವಿನ ಬಗ್ಗೆ ವಿಚಾರಿಸಿದಳು. ಅತ್ತೆ ಹೇಗಿದ್ದಾರೆಂದು ಕೇಳಿದೆ.

“ಮನೇಲವ್ರೆ ಸಾರ್. ಆ ಮೂಲೆ ಮಿಷನ್ನಿನ ಕದಿರು ಕೆಟ್ಟು ಎರಡು ದಿನ ಓಡೈತೆ, ಅತ್ತೆಗೆ ಗೊತ್ತಾಗ್ಲೇ ಇಲ್ಲ. ನೂಲೆಲ್ಲ ಹಾಳಾಯ್ತು. ಯಜಮಾನ್ರು ಬೈಲಿಲ್ಲ ಪಾಪ. ‘ಸಾಕಮ್ಮ, ಮನೇಲಿರು’ ಅಂದ್ರು.” ಕೈಚೀಲವನ್ನು ಭುಜಕ್ಕೇರಿಸಿಕೊಂಡು ಹೇಳಿದಳು: “ಡಾಕ್ಟ್ರು ಸದ್ದಿಂದ ಆಗೈತೆ ಅಂದ್ರು. ಅತ್ತೆ ಒಪ್ಪಲ್ಲ. ‘ಇಲ್ಲ ಕಣೇ, ನನ್ನ ಕಿವಿ ಮೊದ್ಲಿಂದ್ಲೂ ಮಂದ, ಮೇಷ್ಟ್ರು ಆವತ್ತೇ ಕಂಡುಹಿಡಿದ್ರು’ ಅಂತಾರೆ. ಎಲ್ರಿಗೂ ಹಂಗೇ ಹೇಳ್ತಾರೆ.”

ಭಾಗ್ಯ ಆರೋಪ ಮಾಡುವ ದನಿಯಲ್ಲಿ ಹೇಳಲಿಲ್ಲ. ಬಸ್ಸು ಬಂತು, ಹತ್ತಿ ಹೋದಳು.

ಸುಳ್ಳು ಹೇಳಿದವನಿಗೆ ಇರುವ ಕೊನೆಯ ಸಮಾಧಾನವೆಂದರೆ, ಯಾರ ವಿರುದ್ಧ ಹೇಳಿದೆನೋ ಅವರಾದರೂ ಅದನ್ನು ನಂಬಲಿಲ್ಲ ಎಂಬುದು. ನನಗೆ ಅದೂ ಉಳಿಯಲಿಲ್ಲ. ಆಕೆ ನಂಬಿದ್ದರು. ತನ್ನ ಜೀವಮಾನವಿಡೀ ತನ್ನ ಕಿವಿ ಕೇಳಿದ್ದನ್ನೆಲ್ಲ ಅಲ್ಲಗಳೆದು, ನಾನು ಆಡಿದ ಒಂದು ವಾಕ್ಯವನ್ನು ನಂಬಿದ್ದರು.

ಒಂದು ಭಾನುವಾರ ಅವರ ಊರಿಗೆ ಹೋದೆ. ಕೆಂಚಾರ್ಲಹಳ್ಳಿಯಿಂದ ಸ್ವಲ್ಪ ಮುಂದೆ. ಒಪ್ಪಿಕೊಳ್ಳಲೆಂದೇ ಹೋದದ್ದು. ಮನೆಯ ಹಿಂದೆ ಅವರದೇ ಸಣ್ಣ ಹುಳುಮನೆ. ರೇಷ್ಮೆಹುಳುಗಳು ಗೂಡು ಕಟ್ಟುವ ಮುಂಚಿನ ದೊಡ್ಡ ಹಂತದಲ್ಲಿದ್ದವು, ಹಿಪ್ಪುನೇರಳೆ ಸೊಪ್ಪನ್ನು ಆತುರದಿಂದ ಮೇಯುತ್ತಿದ್ದವು. ಆ ಮೇಯುವ ಸದ್ದನ್ನು ಕೇಳಿದವರಿಗೆ ಗೊತ್ತು: ಒಣ ಎಲೆಗಳ ಮೇಲೆ ಸೋನೆ ಬಿದ್ದಂತಿರುತ್ತದೆ. ಹುಳು ಆರೋಗ್ಯವಾಗಿದೆಯೇ, ಸೊಪ್ಪು ಸಾಲದೆ ಇದೆಯೇ ಎಂಬುದನ್ನು ಈ ಸೀಮೆಯ ಹೆಂಗಸರು ಬಾಗಿಲಲ್ಲೇ ನಿಂತು ಆ ಸದ್ದಿನಿಂದ ಹೇಳಬಲ್ಲರು. ಮುನಿವೆಂಕಟಮ್ಮ ಬಾಗಿಲಲ್ಲಿ ನಿಂತಿದ್ದರು. ಒಳಗಿದ್ದ ಸೊಸೆಯನ್ನು ಕೇಳುತ್ತಿದ್ದರು, ಜೋರಾಗಿ:

“ತಿಂತಾವೇನೇ? ಸದ್ದು ಬರ್ತೈತಾ?”

“ಬರ್ತೈತೆ ಅತ್ತೆ” ಎಂದು ಭಾಗ್ಯ ತಲೆ ಆಡಿಸಿ ತೋರಿಸಿದಳು.

ನನ್ನನ್ನು ಕಂಡು ಮುನಿವೆಂಕಟಮ್ಮನಿಗೆ ಆದ ಸಂತೋಷವನ್ನು ನಾನು ಇಲ್ಲಿ ಬರೆಯಲಾರೆ. ಚಾಪೆ ಹಾಸಿದರು, ಬೆಲ್ಲದ ಕಾಫಿ ಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ. ಪುಸ್ತಕದ ಪುಟ, ಮುಳ್ಳು ಏರಿದ್ದು, ನನ್ನ ಸುಳ್ಳು — ಒಂದನ್ನೂ ಬಿಡದೆ, ಬಿಗಿಯಾಗಿ ಕಟ್ಟಿದ ವಾಕ್ಯಗಳಲ್ಲಿ. ಆಕೆ ನನ್ನ ತುಟಿಗಳನ್ನೇ ನೋಡುತ್ತಿದ್ದರು. ನಾನು ಮುಗಿಸಿದಾಗ ನಕ್ಕರು.

“ಹೂಂ ಕಣಪ್ಪಾ, ಚೆನ್ನಾಗಿದ್ದೀನಿ. ನಿಮ್ಮ ಮಗು ನಡೀತೈತಾ?”

ಭಾಗ್ಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಕಣ್ಣು ಕೆಂಪಾಗಿತ್ತು. “ಬಾಯಲ್ಲಿ ಹೇಳಿದ್ರೆ ಅತ್ತೆ ಬರೀ ತಲೆ ಆಡಿಸ್ತಾರೆ ಸಾರ್. ಐದನೇ ಕ್ಲಾಸು ಓದವ್ರೆ. ಬರ್ದು ಕೊಡಿ. ಓದ್ಕೊಂತಾರೆ.”

ನನ್ನ ಜೇಬಿನಲ್ಲಿ ಪೆನ್ನಿತ್ತು. ಗೋಡೆಯ ಗೂಡಿನಲ್ಲಿ ಭಾಗ್ಯಳ ಮಗುವಿನ ನೋಟ್‌ಬುಕ್ಕಿತ್ತು. ‘ಇನ್ನೊಂದು ದಿನ ಬರ್ತೀನಿ’ ಎಂದು ಎದ್ದು ಬಂದೆ. ಹೇಳಿದ್ದಾಯಿತಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನು ನಾನು ಸಂತೈಸಿಕೊಂಡೆ. ಕೇಳಿಸದ ಕಿವಿಗೆ ತಪ್ಪೊಪ್ಪಿಗೆ ಹೇಳಿ ಹಗುರಾದೆನಲ್ಲ — ಇದು ನಾನು ಆಕೆಗೆ ಮಾಡಿದ ಎರಡನೇ ಅನ್ಯಾಯ. ಮೊದಲನೆಯದಕ್ಕಿಂತ ಚಿಕ್ಕದೆಂದು ನನಗೆ ಅನಿಸುವುದಿಲ್ಲ.

ಹುಟ್ಟಿದಂದಿನಿಂದ ನನ್ನ ದನಿಯನ್ನು ನಂಬಿ ಬದುಕಿದವನು ನಾನು. ಈಗ ನನ್ನ ದನಿ ತಲುಪದ ಒಬ್ಬರಿಗೆ ನಾನು ಉತ್ತರಿಸಬೇಕಾಗಿದೆ. ಆದ್ದರಿಂದ ಬರೆಯುತ್ತಿದ್ದೇನೆ. ಮುಂದಿನ ಕೆಲವು ಸಾಲುಗಳು ಆಕೆಗೆ. ಓದುಗರು ಕ್ಷಮಿಸಬೇಕು.

ಅಮ್ಮಾ, ನಿಮ್ಮ ಕಿವಿ ಮಂದವಾಗಿರಲಿಲ್ಲ. ಆವತ್ತು ನೀವು ಹೇಳಿದ್ದು ನಿಜ. ಗೋಡೆಯ ಮೂಲೆಯಲ್ಲಿ ಸದ್ದು ಜಾಸ್ತಿ ಆಗಿತ್ತು. ನಾನು ಅಳೆದು ನೋಡಿದ್ದೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ. ಗೋಡೆ ಪಾಳಿ ನಿಲ್ಲಿಸಿದ್ದು ನಾನು. ಕಿವಿಯ ಉಂಡೆ ತೆಗೆಸಿದ್ದು ನಾನು. ನಿಮ್ಮ ಕಿವಿ ಹೋದದ್ದಕ್ಕೆ ನೀವು ಕಾರಣರಲ್ಲ.

ಈ ಸಾಲುಗಳನ್ನು ದೊಡ್ಡ ಅಕ್ಷರಗಳಲ್ಲಿ ಬೇರೆಯಾಗಿ ಬರೆದಿದ್ದೇನೆ. ಇದು ಅಚ್ಚಾಗುವ ಮೊದಲೇ ಆ ಹಾಳೆಯನ್ನು ನಾನೇ ಕೊಂಡೊಯ್ದು, ಆಕೆ ಓದಿ ಮುಗಿಸುವವರೆಗೆ ಎದುರಿಗೆ ಕುಳಿತಿರುತ್ತೇನೆ. ಆಕೆ ಏನು ಹೇಳುತ್ತಾರೋ ಗೊತ್ತಿಲ್ಲ. ಏನನ್ನೂ ಹೇಳದೆಯೂ ಇರಬಹುದು. ಕ್ಷಮೆ ಕೇಳುವ ವಾಕ್ಯವನ್ನು ಆ ಹಾಳೆಯಲ್ಲಿ ಬರೆಯಲಿಲ್ಲ. ಬರೆದರೆ ಆಕೆ ತಕ್ಷಣ ಕ್ಷಮಿಸಿಬಿಡುತ್ತಾರೆಂದು ನನಗೆ ಗೊತ್ತು. ಅಷ್ಟು ಸುಲಭವಾಗಿ ಅದು ನನಗೆ ಸಿಗಬಾರದು. ನಂತರ ಆಂಜಿನಪ್ಪನವರ ಶೆಡ್ಡಿಗೆ ಹೋಗಿ, ಆ ನಡುಸಾಲಿನಲ್ಲೇ ನಿಂತು, ನನ್ನ ಟಿಪ್ಪಣಿ ಪುಸ್ತಕದ ಆ ಪುಟವನ್ನು ಓದುತ್ತೇನೆ. ಅಲ್ಲಿ ಈಗಿರುವ ಹುಡುಗಿಯರಿಗೆ ಗೋಡೆ ಪಾಳಿ ಎಂಬುದೊಂದು ಇತ್ತೆಂಬುದೇ ಗೊತ್ತಿಲ್ಲವಂತೆ.

ಓದುಗರಲ್ಲಿ ನನ್ನದು ಎರಡು ಬೇಡಿಕೆ. ಆ ಸಭೆಯಲ್ಲಿ ನಕ್ಕವರಲ್ಲಿ ನೀವೂ ಒಬ್ಬರಾಗಿದ್ದರೆ, ಒಂದು ಚೀಟಿಯಲ್ಲಿ ‘ನೀವು ಹೇಳಿದ್ದೇ ನಿಜ’ ಎಂದು ಬರೆದು ಮುನಿವೆಂಕಟಮ್ಮನಿಗೆ ತಲುಪಿಸಿ; ನನ್ನೊಬ್ಬನ ಮಾತು ಸಾಲದು. ಮತ್ತು ನೀವು ಯಾವುದೇ ಶೆಡ್ಡನ್ನು ನಡೆಸುವವರಾಗಿದ್ದರೆ, ಯಾರು ಎಂಥ ಉಪಕರಣ ತಂದು ಕೂರಿಸಿದ್ದರೂ ಸರಿ, ಇವತ್ತು ಊಟವಾದ ಮೇಲೆ ಗೋಡೆಯ ಬಳಿ ನಿಂತವರನ್ನು ಬಾಗಿಲ ಬಳಿಗೆ ಕರೆಯಿರಿ.